ಗೇರ್ ರಾಡ್ ಮುಂದಕ್ಕೆ ಬರಲಿ, ಆದರೆ ನೆಲಕ್ಕೆ ಕಟ್ಟಬೇಡಿ

ಪ್ರಶ್ನೆ: ಆಲ್ದೂರು ಹತ್ತಿರ ನಮ್ಮ ಕಾಫಿ ತೋಟ. ಅಪ್ಪನ ಕಾಲದ ಮಹೀಂದ್ರ ಜೀಪಿನ ಚಾಸಿ ಉಳಿಸಿಕೊಂಡು, ಬೇರೆ ಡೀಸೆಲ್ ಎಂಜಿನ್ ಮತ್ತು ಅದರದೇ ಗೇರ್‌ಬಾಕ್ಸ್ ಕೂರಿಸಿ ಹೊಸದಾಗಿ ಕಟ್ಟಿಸುತ್ತಿದ್ದೇನೆ. ಎಂಜಿನ್ ಉದ್ದವಾದ್ದರಿಂದ ಬಾಕ್ಸ್ 7 ಇಂಚು ಹಿಂದೆ ಸರಿಯಿತು. ಗೇರ್ ರಾಡ್ ಮೊಣಕೈ ಪಕ್ಕ ಬಂದು, ಎರಡು ಮತ್ತು ನಾಲ್ಕನೇ ಗೇರಿಗೆ ಎಳೆದರೆ ಕೈ ಸೀಟಿಗೆ ತಾಗುತ್ತಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಕಾಯಿಸಿ ಮುಂದಕ್ಕೆ ಬಗ್ಗಿಸಿದೆವು. ಈಗ ತೋಟದ ಏರಿನಲ್ಲಿ ಮೂರನೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬೀಳುತ್ತದೆ. ಬಾಕ್ಸ್ ಬಿಚ್ಚಬೇಕೆ? ರಾಡ್ ಮುಂದೆ ತರಲು ಸರಿಯಾದ ದಾರಿ ಯಾವುದು?

ಉತ್ತರ: ಬಾಕ್ಸ್ ಬಿಚ್ಚಲು ಹೋಗಬೇಡಿ, ಈಗಲೇ ಬೇಡ. ಮೊದಲು ರಾಡಿನ ಬುಡ ಮುಚ್ಚುವ ರಬ್ಬರ್ ಬೂಟನ್ನು ಮೇಲಕ್ಕೆತ್ತಿ. ಎಂಜಿನ್ ಆಫ್ ಮಾಡಿ, ಮೂರನೇ ಗೇರ್ ಹಾಕಿ, ರಾಡಿಗೂ ಗಾಡಿಯ ನೆಲದ ತೂತಿನ ಮುಂದಿನ ಅಂಚಿಗೂ ನಡುವೆ ಬೆರಳು ತೂರುತ್ತದೆಯೇ ನೋಡಿ. ಬಗ್ಗಿಸಿದ ಜಾಗದ ಕೆಳಗೆ ಬಣ್ಣ ಸವೆದು ಹೊಳೆಯುವ ಗೆರೆ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಒಂದು, ಮೂರಕ್ಕೆ ರಾಡ್ ಮುಂದೆ ಹೋಗಬೇಕು. ಅದು ಅಂಚಿಗೆ ತಾಗಿ ನಿಂತರೆ ಒಳಗೆ ಗೇರ್ ಅರ್ಧ ಮಾತ್ರ ಕೂತಿರುತ್ತದೆ, ಲೋಡ್ ಬಿದ್ದ ಕೂಡಲೇ ಬಿಟ್ಟುಕೊಳ್ಳುತ್ತದೆ. ಒಂದನೇ ಗೇರಿನಲ್ಲೂ ಇದೇ ಕಥೆ ಇರಬಹುದು, ಅದರಲ್ಲಿ ಹೆಚ್ಚು ಹೊತ್ತು ಓಡಿಸದೆ ನಿಮಗೆ ಗೊತ್ತಾಗಿಲ್ಲ. ಜೀಪಿನಲ್ಲಿ ಬಾಕ್ಸ್ ಮೇಲಿನ ನೆಲದ ತಗಡು ಬೋಲ್ಟ್ ಬಿಚ್ಚಿದರೆ ಬಂದುಬಿಡುತ್ತದೆ. ಅದನ್ನು ತೆಗೆದು ಅದೇ ಏರು ಹತ್ತಿಸಿ. ಆಗಲೂ ಬಿದ್ದರೆ ಮಾತ್ರ ಬಾಕ್ಸ್ ಒಳಗೆ ಗೇರನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗ್, ಗುಂಡು, ಗೇರನ್ನು ಸರಿಸುವ ಫೋರ್ಕ್ ಇವುಗಳ ಸವೆತದ ಮಾತು.

ಇನ್ನು ಬಗ್ಗಿಸುವ ವಿಚಾರ. ಬಗ್ಗಿಸಿದರೆ ಗೇರ್ ಸಡಿಲವಾಗುತ್ತದೆ ಎನ್ನುವುದು ತಪ್ಪು. ಲೆಕ್ಕಕ್ಕೆ ಬರುವುದು ರಾಡ್ ಬುಡದಲ್ಲಿ ಆಡುವ ಕೀಲಿನಿಂದ ಹಿಡಿಯವರೆಗಿನ ನೇರ ದೂರ. ಹಿಡಿ ಕೀಲಿಗಿಂತ 14 ಇಂಚು ಎತ್ತರದಲ್ಲಿದ್ದು 7 ಇಂಚು ಮುಂದೆ ಬಂದರೆ ಆ ದೂರ ಸುಮಾರು ಹದಿನೈದೂವರೆ ಇಂಚು, ಅಂದರೆ ಕೈಯಾಟ ಸ್ವಲ್ಪವೇ ಹೆಚ್ಚುತ್ತದೆ. ತೊಂದರೆ ಇರುವುದು ದಿಕ್ಕಿನಲ್ಲಿ. ಹಿಡಿ 2 ಇಂಚು ಮುಂದೆ ಹೋಗುವಾಗ 1 ಇಂಚು ಕೆಳಗೂ ಇಳಿಯುತ್ತದೆ, ಹಿಂದಕ್ಕೆ ಎಳೆದರೆ ಅಷ್ಟೇ ಮೇಲೇಳುತ್ತದೆ. ಕೈಗೆ ಇದು ಒಗ್ಗುವುದಿಲ್ಲ. ನನ್ನ ಅನುಭವದಲ್ಲಿ 3–4 ಇಂಚಿನವರೆಗೆ ಬಗ್ಗಿಸಬಹುದು, 7 ಇಂಚು ಜಾಸ್ತಿಯಾಯಿತು. ಕಾಯಿಸುವಾಗ ರಾಡನ್ನು ಬಾಕ್ಸಿನಿಂದ ಹೊರತೆಗೆದಿದ್ದರೇ? ತೆಗೆಯದೆ ಕಾಯಿಸಿದ್ದರೆ ರಾಡಿನ ಬುಡ ಕೂರುವ ನೈಲಾನ್ ಬಟ್ಟಲು ಕರಗಿದೆಯೇ ಎಂದೂ ನೋಡಿ.

ನಿಮ್ಮ ಗಾಡಿಗೆ ಬೇಕಾಗಿರುವುದು ರಿಮೋಟ್ ಗೇರ್ ರಾಡ್, ಅಂದರೆ ಮುಂದೆ ನಿಂತು ಹಿಂದಿನ ಬಾಕ್ಸನ್ನು ಶಾಫ್ಟ್ ಮೂಲಕ ಆಡಿಸುವ ರಾಡ್. ಹಳೆಯ ರಾಡ್ ಕೂತಿದ್ದ ಜಾಗಕ್ಕೆ, ಮುಂದಕ್ಕೆ ಚಾಚಿದ ಒಂದು ಉಕ್ಕಿನ ಹೌಸಿಂಗ್ ಬೋಲ್ಟ್ ಮಾಡಬೇಕು. ಅದರೊಳಗೆ ಗನ್‌ಮೆಟಲ್ ಎಂಬ ಕಂಚಿನ ಎರಡು ಬುಷ್ (ಶಾಫ್ಟ್ ಆಡುವ ಬಳೆ), ಬುಷ್‌ಗಳಲ್ಲಿ ಒಂದು ಶಾಫ್ಟ್. ಶಾಫ್ಟಿನ ಹಿಂತುದಿಯ ಬೆರಳು ಬಾಕ್ಸ್ ಒಳಗೆ ಗೇರ್ ಆರಿಸುವ ಸೆಲೆಕ್ಟರನ್ನು ಹಿಡಿಯುತ್ತದೆ, ಮುಂತುದಿಯಲ್ಲಿ ಹೊಸ ರಾಡ್. ಹಿಂದೆ ಮುಂದೆ ತಳ್ಳಿದಾಗ ಶಾಫ್ಟ್ ಜಾರಬೇಕು, ಎಡಕ್ಕೆ ಬಲಕ್ಕೆ ತಳ್ಳಿದಾಗ ತಿರುಗಬೇಕು. ಎರಡೂ ತುದಿಗೆ ಬಾಲ್ ಜಾಯಿಂಟ್ ಹಾಕಿದ ಒಂದೇ ಸರಳು ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಹಿಂದೆ ಮುಂದಿನ ಆಟವನ್ನಷ್ಟೇ ಸಾಗಿಸುತ್ತದೆ, ಅಡ್ಡಕ್ಕೆ ತಳ್ಳಿದರೆ ಸರಳೇ ಓರೆಯಾಗಿ ಸುಮ್ಮನಾಗುತ್ತದೆ. ಬುಷ್ ಬಿಗಿಯಾಗಿರಲಿ. ಹೊಸ ರಾಡ್ ಕೀಲಿನ ಮೇಲೆ 14, ಕೆಳಗೆ 2 ಇಂಚು ಇದ್ದರೆ ಶಾಫ್ಟಿನ 1 ಮಿ.ಮೀ. ಸಡಿಲ ನಿಮ್ಮ ಕೈಗೆ 7 ಮಿ.ಮೀ. ಆಗಿ ಬರುತ್ತದೆ.

ಈಗ ಮುಖ್ಯವಾದ ಮಾತು. ಹೌಸಿಂಗಿನ ಮುಂತುದಿಗೆ ಆಸರೆ ಬೇಕಾಗುತ್ತದೆ, ಆ ಆಸರೆಯ ಬ್ರಾಕೆಟ್ಟನ್ನು ಬೆಲ್ ಹೌಸಿಂಗಿನ (ಎಂಜಿನ್ನಿಗೂ ಬಾಕ್ಸಿಗೂ ನಡುವಿನ, ಕ್ಲಚ್ ಮುಚ್ಚುವ ಕವಚ) ಬೋಲ್ಟಿಗೇ ಕಟ್ಟಿ. ನೆಲದ ತಗಡಿಗಾಗಲಿ ಚಾಸಿಗಾಗಲಿ ಬೇಡವೇ ಬೇಡ. ಎಂಜಿನ್ನೂ ಬಾಕ್ಸೂ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ, ಆಕ್ಸಿಲರೇಟರ್ ತುಳಿದಾಗ ಒಂದು ಕಡೆಗೆ ವಾಲುತ್ತವೆ. ನೆಲ ವಾಲುವುದಿಲ್ಲ. ಆ ವ್ಯತ್ಯಾಸವೇ ಗೇರನ್ನು ಎಳೆದು ಬಿಡಿಸುತ್ತದೆ. ವರ್ಷಗಳ ಹಿಂದೆ ಹಾಸನದ ಶೆಡ್ಡಿನಲ್ಲಿ ನಾನು ಕಟ್ಟಿದ ಒಂದು ಗಾಡಿಯಲ್ಲಿ, ನೀಟಾಗಿ ಕಾಣಲಿ ಎಂದು ರಾಡನ್ನು ನೆಲಕ್ಕೆ ಬಿಗಿದಿದ್ದೆ. ಊರೊಳಗೆ ಏನೂ ಆಗಲಿಲ್ಲ. ಚಾರ್ಮಾಡಿ ಏರಿನ ತಿರುವಿನಲ್ಲಿ ಎರಡನೇ ಗೇರ್ ಹೊರಬಂತು, ಹಿಂದೆ ಬಸ್ಸಿತ್ತು. ಹ್ಯಾಂಡ್‌ಬ್ರೇಕ್ ಎಳೆದ ಕೈ ಇವತ್ತಿಗೂ ಆ ಕ್ಷಣ ಮರೆತಿಲ್ಲ. ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಇನ್ನೊಂದು ಅಪಾಯ, ಗೇರಿನ ನಕ್ಷೆ ತಲೆಕೆಳಗಾಗುವುದು. ಹೊಸ ರಾಡ್ ಶಾಫ್ಟನ್ನು ಅಕ್ಷದ ಮೇಲ್ಗಡೆ ಹಿಡಿಯುತ್ತದೋ ಕೆಳಗಡೆಯೋ ಎಂಬುದರ ಮೇಲೆ ಎಡ ಬಲ ಅದಲುಬದಲಾಗುತ್ತದೆ. ಒಂದನೇ ಗೇರ್ ಎಂದು ಹಾಕಿದ್ದು ರಿವರ್ಸ್ ಆದರೆ ಗತಿಯೇನು? ಲೇತಿಗೆ ಕೊಡುವ ಮುಂಚೆ ರಟ್ಟು, ಕಡ್ಡಿಯಲ್ಲಿ ಮಾದರಿ ಮಾಡಿ ಆಡಿಸಿ ನೋಡಿ. ಹಾಗೆಯೇ ಫೋರ್‌ವ್ಹೀಲ್ ಲಿವರ್ ಎಲ್ಲ ಗೇರಿನಲ್ಲೂ ಇದಕ್ಕೆ ತಾಗದಿರಲಿ. ಬಾಕ್ಸ್ ಗಾಡಿಯಲ್ಲಿರುವಾಗ ಅದರ ಮೇಲೆ ವೆಲ್ಡಿಂಗ್ ಮಾಡಿಸಬೇಡಿ, ಕರೆಂಟು ಬೇರಿಂಗ್ ಮೂಲಕ ಹಾದರೆ ಬೇರಿಂಗಿನ ಮೈ ಚುಚ್ಚಿಹೋಗುತ್ತದೆ.

ಶಾಫ್ಟಿನ ಬದಲು ಕೇಬಲ್ ಹಾಕಿ ಎಂದೂ ಯಾರಾದರೂ ಹೇಳಿಯಾರು. ಕೇಬಲ್ ವಾಲಾಟವನ್ನು ನುಂಗಿಕೊಳ್ಳುತ್ತದೆ, ನಿಜ. ಆದರೆ 7 ಇಂಚಿಗೆ ಎರಡು ಕೇಬಲ್, ಅವಕ್ಕೆ ಬೇರೆ ಬ್ರಾಕೆಟ್, ಮೇಲೆ ನಮ್ಮ ಮಳೆಗಾಲದ ಕೆಸರು. ನನಗೆ ಸರಿ ಕಾಣದು.

ಕಾಗದಪತ್ರದ ಮಾತು ನೀವು ಬರೆದಿಲ್ಲ. ಗೇರ್ ರಾಡ್ ಸರಿಸಿದ್ದು ಆರ್‌ಸಿಯಲ್ಲಿ (ನೋಂದಣಿ ಪತ್ರ) ಬರುವ ವಿಷಯವಲ್ಲ, ಎಂಜಿನ್ ಬದಲಿಸಿದ್ದು ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಗಾಡಿ ತೋಟ ಬಿಟ್ಟು ರಸ್ತೆಗೆ ಇಳಿಯುವ ಮುಂಚೆ ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಗೆ ಹೋಗಿ ಮಾತಾಡಿ ಬನ್ನಿ.

ಎಲ್ಲ ಮುಗಿದ ಮೇಲೆ ತೋಟದ ಏರಿನಲ್ಲೇ ಪರೀಕ್ಷೆ ಮಾಡಿ. ಬೂಟ್ ತೆಗೆದಿರಲಿ, ಪಕ್ಕದಲ್ಲಿ ಒಬ್ಬರು ಕೂತು ರಾಡನ್ನೇ ನೋಡುತ್ತಿರಲಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದು ಬಿಡಿ, ಮತ್ತೆ ತುಳಿಯಿರಿ. ಎಂಜಿನ್ ವಾಲಿದಾಗ ರಾಡ್ ಅದರ ಜೊತೆಗೇ ವಾಲಬೇಕು, ತೂತಿನ ಯಾವ ಅಂಚಿಗೂ ತಾಗಬಾರದು. ತಾಗಿದರೆ ರಾಡನ್ನು ಮುಟ್ಟಬೇಡಿ, ತೂತನ್ನು ಅರ್ಧ ಇಂಚು ದೊಡ್ಡದು ಮಾಡಿ.