ಓದುಗರ ಪ್ರಶ್ನೆ: ವಾಯುಭಾರ ಕುಸಿದಾಗ ಗಾಳಿ ಎತ್ತ ತಿರುಗುತ್ತದೆ?

ಪ್ರಶ್ನೆ: ನನ್ನ ಮೊಬೈಲಿನ ಬ್ಯಾರೋಮೀಟರ್ ಆ್ಯಪ್ 910 ಎಂದು ತೋರಿಸುತ್ತದೆ. ಹವಾಮಾನ ವರದಿಯಲ್ಲಿ ಬೆಂಗಳೂರಿನ ಒತ್ತಡ 1012 ಎಂದಿರುತ್ತದೆ. 910ರಷ್ಟು ಕಡಿಮೆ ಒತ್ತಡ ಭಾರಿ ಚಂಡಮಾರುತದ ನಡುವೆ ಮಾತ್ರ ಇರುತ್ತದೆ ಎಂದು ಓದಿದ್ದೇನೆ. ಮೊಬೈಲ್ ಕೆಟ್ಟಿದೆಯೇ?
(ಬೆಂಗಳೂರಿನ ಓದುಗರು)

ಉತ್ತರ: ಮೊಬೈಲ್ ಸರಿಯಾಗಿಯೇ ಇದೆ. ಅದು ಹೇಳುತ್ತಿರುವುದು ನೀವು ನಿಂತ ಜಾಗದ ಒತ್ತಡ. ವರದಿಯಲ್ಲಿ ಬರುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಈ ಎತ್ತರದವರೆಗೆ ಹೆಚ್ಚುಕಡಿಮೆ ಪ್ರತಿ 9 ಮೀಟರ್ ಏರಿದಾಗಲೂ ಒತ್ತಡ ಒಂದು ಹೆಕ್ಟೊಪಾಸ್ಕಲ್ ಕಡಿಮೆಯಾಗುತ್ತದೆ. ನಿಮ್ಮ 910, ವರದಿಯ 1012 ಎರಡೂ ಈ ಅಳತೆಯಲ್ಲೇ ಇವೆ. ಹಳೆಯ ಪಠ್ಯಗಳಲ್ಲಿ ಬರುವ ಮಿಲಿಬಾರ್ ಎಂಬುದೂ ಇದೇ ಅಳತೆ. 920ನ್ನು 9ರಿಂದ ಭಾಗಿಸಿ, ಬಂದ 102ನ್ನು ನಿಮ್ಮ 910ಕ್ಕೆ ಕೂಡಿಸಿ. ವರದಿಯ ಅಂಕಿ ಸಿಕ್ಕಿತಲ್ಲ? ಹೀಗೆ ಇಳಿಸದೆ ನಕ್ಷೆ ಬರೆದರೆ ಮಡಿಕೇರಿಯ ತಲೆಯ ಮೇಲೆ ವರ್ಷವಿಡೀ ಚಂಡಮಾರುತ ಕೂತಿರುವಂತೆ ಕಾಣುತ್ತದೆ.

ಸೆನ್ಸರ್ ನಿಜವಾಗಿಯೂ ಇದೆಯೇ ಎಂದು ನೋಡಬೇಕಾದರೆ ಮೊಬೈಲನ್ನು ಲಿಫ್ಟಿನಲ್ಲಿ ನೆಲಮಹಡಿಯಿಂದ ಹತ್ತನೇ ಮಹಡಿಗೆ ಒಯ್ಯಿರಿ. ಸುಮಾರು 30 ಮೀಟರಿಗೆ ಅಂಕಿ ಮೂರಕ್ಕೂ ಸ್ವಲ್ಪ ಹೆಚ್ಚು ಇಳಿಯಬೇಕು. ಅಲುಗಾಡದಿದ್ದರೆ ಆ ಫೋನಿನಲ್ಲಿ ಸೆನ್ಸರ್ ಇಲ್ಲ, ಆ್ಯಪ್ ಇಂಟರ್ನೆಟ್ಟಿನಿಂದ ಅಂಕಿ ಎತ್ತಿಕೊಳ್ಳುತ್ತಿದೆ.

ಇನ್ನೊಂದು ವಿಷಯ, ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ನಮ್ಮ ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಹೆಚ್ಚು, ಮಧ್ಯಾಹ್ನ ಮತ್ತು ಬೆಳಗಿನ ಜಾವ 4ರ ಸುಮಾರಿಗೆ ಕಡಿಮೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 4ರೊಳಗೆ 3-4 ಹೆಕ್ಟೊಪಾಸ್ಕಲ್ ಇಳಿದರೆ ಅದು ದಿನನಿತ್ಯದ ಉಬ್ಬರವಿಳಿತ ಅಷ್ಟೆ. ಹವೆ ಕೆಡುತ್ತಿದೆಯೇ ಎಂದು ತಿಳಿಯಲು ಇವತ್ತಿನ 4 ಗಂಟೆಯ ಅಂಕಿಯನ್ನು ನಿನ್ನೆಯ 4 ಗಂಟೆಯದಕ್ಕೆ ಹೋಲಿಸಬೇಕು, ಇವತ್ತಿನ ಬೆಳಗಿನದಕ್ಕಲ್ಲ.

ಪ್ರಶ್ನೆ: ಉತ್ತರಾರ್ಧಗೋಳದಲ್ಲಿ ಮಾರುತಗಳು ಬಲಕ್ಕೆ ಬಾಗುತ್ತವೆ ಎನ್ನುತ್ತದೆ ಪಠ್ಯ. ಮುಂದಿನ ಪುಟದಲ್ಲಿ ಆವರ್ತ ಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಅಂದರೆ ಎಡಕ್ಕೆ ಸುತ್ತುತ್ತದೆ ಎಂದಿದೆ. ಎರಡೂ ಹೇಗೆ ಸರಿ?
(ಹತ್ತನೇ ತರಗತಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಎರಡೂ ಸರಿ, ಮತ್ತು ಎರಡನೆಯದು ಮೊದಲನೆಯದರಿಂದಲೇ ಹುಟ್ಟುತ್ತದೆ. ಒಂದು ಹಾಳೆಯ ನಡುವೆ ಚುಕ್ಕೆ ಇಡಿ, ಅದು ಕಡಿಮೆ ಒತ್ತಡದ ಕೇಂದ್ರ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮಗಳಿಂದ ಚುಕ್ಕೆಯತ್ತ ನಾಲ್ಕು ಬಾಣ ಎಳೆಯಿರಿ. ಈಗ ಪ್ರತಿ ಬಾಣದ ತುದಿಯನ್ನು ಅದರ ಬಲಗೈ ಕಡೆಗೆ ಬಾಗಿಸಿ. ಹಾಳೆಯ ಬಲಗೈ ಅಲ್ಲ, ಬಾಣದ ಬಲಗೈ. ಉತ್ತರದಿಂದ ಕೆಳಗಿಳಿಯುವ ಬಾಣಕ್ಕೆ ಬಲ ಎಂದರೆ ಪಶ್ಚಿಮ. ಹಾಗಾಗಿ ಅದು ಚುಕ್ಕೆಗೆ ತಗಲದೆ ಅದರ ಪಶ್ಚಿಮಕ್ಕೆ ಜಾರಿ ದಕ್ಷಿಣಕ್ಕೆ ಸಾಗುತ್ತದೆ. ಪೂರ್ವದಿಂದ ಬಂದದ್ದು ಚುಕ್ಕೆಯ ಉತ್ತರದಲ್ಲಿ ಹಾದುಹೋಗುತ್ತದೆ. ನಾಲ್ಕನ್ನೂ ಮುಗಿಸಿ ನೋಡಿದರೆ ಚುಕ್ಕೆಯ ಸುತ್ತ ಗಡಿಯಾರಕ್ಕೆ ವಿರುದ್ಧವಾದ ಸುತ್ತು ತಾನಾಗಿ ಮೂಡಿರುತ್ತದೆ. ಪ್ರತಿ ಗಾಳಿಯೂ ಬಲಕ್ಕೆ ಹೊರಳಲು ನೋಡುತ್ತದೆ, ಕೇಂದ್ರ ಅದನ್ನು ಎಡಕ್ಕೆ ಎಳೆಯುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ಚಿತ್ರ ತಪ್ಪಾಗುವುದು ಬಹುತೇಕ ಬಾಣದ ಬಲಗೈ ಮರೆತಾಗ.

ಈ ಬಾಗುವಿಕೆಗೆ ಕಾರಣವಾದ, ಭೂಮಿಯ ತಿರುಗುವಿಕೆಯಿಂದ ಹುಟ್ಟುವ ಕೊರಿಯೊಲಿಸ್ ಬಲ ಭೂಮಧ್ಯರೇಖೆಯ ಮೇಲೆ ಸೊನ್ನೆ, ಧ್ರುವದತ್ತ ಹೋದಂತೆ ಹೆಚ್ಚು. ಅದಿಲ್ಲದಿದ್ದರೆ ಗಾಳಿ ನೇರ ನುಗ್ಗಿ ಕುಸಿತವನ್ನು ತುಂಬಿಬಿಡುತ್ತದೆ. ಅದಕ್ಕೇ 5 ಡಿಗ್ರಿ ಅಕ್ಷಾಂಶದೊಳಗೆ, ಅಂದರೆ ರೇಖೆಯಿಂದ ಸುಮಾರು 550 ಕಿ.ಮೀ. ಒಳಗೆ, ಚಂಡಮಾರುತ ಹುಟ್ಟುವುದು ತೀರಾ ಅಪರೂಪ. 2001ರ ಡಿಸೆಂಬರಿನಲ್ಲಿ ಸಿಂಗಪುರದ ಬಳಿ 1.4 ಡಿಗ್ರಿಯಲ್ಲಿ ಎದ್ದ ವಾಮೇ ಅಂಥ ಅಪವಾದ. ಅಂದಹಾಗೆ, ಸಿಂಕಿನಲ್ಲಿ ನೀರು ಇಳಿಯುವಾಗ ಎತ್ತ ಸುತ್ತುತ್ತದೆ ಎಂಬುದಕ್ಕೂ ಈ ಬಲಕ್ಕೂ ಸಂಬಂಧವಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅದರ ಕೈ ನಡೆಯುವುದಿಲ್ಲ.

ಸುತ್ತುತ್ತ ಒಳಗೆ ಬಂದ ಗಾಳಿ ಎಲ್ಲಿ ಹೋಗುತ್ತದೆ ಎಂದೂ ಕೇಳಿದ್ದೀರಿ. ಮೇಲಕ್ಕೆ. ಏರುವಾಗ ಹಬೆ ಮೋಡವಾಗಿ ಶಾಖ ಬಿಡುತ್ತದೆ, ಗಾಳಿ ಇನ್ನಷ್ಟು ಏರಿ 12-15 ಕಿ.ಮೀ. ಎತ್ತರದಲ್ಲಿ ಹೊರಕ್ಕೆ ಹರಡಿಕೊಳ್ಳುತ್ತದೆ. ಕೆಳಗೆ ಬಂದದ್ದಕ್ಕಿಂತ ಮೇಲೆ ಹೊರಹೋದದ್ದು ಹೆಚ್ಚಾದರೆ ಒತ್ತಡ ಇನ್ನೂ ಕುಸಿಯುತ್ತದೆ. ಚಂಡಮಾರುತ ನೆಲಕ್ಕೆ ಬಂದಮೇಲೆ ಅದಕ್ಕೆ ಹಬೆ ಸಿಗುವುದಿಲ್ಲ. ಗುಡ್ಡ, ಮರ, ಮನೆಗಳಿಗೆ ಉಜ್ಜಿ ಗಾಳಿಯ ವೇಗ ತಗ್ಗುತ್ತದೆ, ವೇಗ ತಗ್ಗಿದ ಗಾಳಿ ಬಾಗುವುದೂ ಕಡಿಮೆ. ಅದು ಕೇಂದ್ರದತ್ತ ನುಗ್ಗಿ ಗುಂಡಿ ತುಂಬುತ್ತದೆ.

ಪ್ರಶ್ನೆ: ಗಾಳಿ ನೋಡಿಯೇ ತುಫಾನು ಯಾವ ಕಡೆ ಇದೆ ಎಂದು ಹೇಳಬಹುದೇ? ಬಂದರಿನಲ್ಲಿ ಏರಿಸುವ ಮೂರನೇ ನಂಬರ್ ಸಿಗ್ನಲ್ ಎಂದರೇನು?
(ಕುಂದಾಪುರದ ಓದುಗರು)

ಉತ್ತರ: ಹೇಳಬಹುದು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಎಡಗೈಯನ್ನು ಪಕ್ಕಕ್ಕೆ ಚಾಚಿ. ಕಡಿಮೆ ಒತ್ತಡ ಇರುವುದು ಆ ಕಡೆಗೆ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಪ್ರಕಟಿಸಿದ ನಿಯಮವಿದು. ಗಾಳಿ ಸ್ವಲ್ಪ ಒಳಮುಖವಾಗಿ ಬೀಸುವುದರಿಂದ ಕೈಯನ್ನು ತುಸು ಮುಂದಕ್ಕೆ ತಂದರೆ ಲೆಕ್ಕ ಇನ್ನೂ ಸರಿ. ಸಮುದ್ರದ ಮೇಲೆ 15-20 ಡಿಗ್ರಿ ಸಾಕು, ನೆಲದ ಮೇಲೆ ಅದಕ್ಕಿಂತ ಹೆಚ್ಚು.

2021ರ ಮೇ ತಿಂಗಳ ತೌಕ್ತೆ ಒಳ್ಳೆಯ ಉದಾಹರಣೆ. ಅದು ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಹೋಗಿ 17ರ ರಾತ್ರಿ ದಿಯು ಪಕ್ಕದಲ್ಲಿ ಗುಜರಾತಿನ ದಡ ಸೇರಿತು. ಇಂಥ ತುಫಾನು ನಿಮ್ಮ ನೇರ ಪಡುವಣಕ್ಕಿರುವಾಗ ಗಾಳಿ ತೆಂಕಣ ಅಥವಾ ಆಗ್ನೇಯದಿಂದ ಬೀಸಬೇಕು. ತುಫಾನು ಉತ್ತರಕ್ಕೆ ದಾಟುತ್ತಿದ್ದಂತೆ ಗಾಳಿ ನೈಋತ್ಯದಿಂದ ಬೀಸತೊಡಗಬೇಕು. ಗಾಳಿಯ ದಿಕ್ಕು ಹೀಗೆ ಸರಿಯುತ್ತಿದ್ದರೆ ತುಫಾನು ಪಕ್ಕದಲ್ಲಿ ಹಾದುಹೋಗುತ್ತಿದೆ ಎಂದರ್ಥ. ದಿಕ್ಕು ಬದಲಾಗದೆ ವೇಗ ಏರುತ್ತ, ಒತ್ತಡ ಇಳಿಯುತ್ತ ಹೋದರೆ ನೇರ ನಿಮ್ಮ ಕಡೆಗೇ ಬರುತ್ತಿದೆ.

ತೌಕ್ತೆಯ ಕೇಂದ್ರ ಕರ್ನಾಟಕದ ದಡಕ್ಕೆ ಬರಲೇ ಇಲ್ಲ, ಆದರೂ ಕಡಲ್ಕೊರೆತ ಜೋರಾಗಿತ್ತು. ಅದು ಉತ್ತರಕ್ಕೆ ಮುಖಮಾಡಿ ಹೋಗುವಾಗ ನಾವು ಅದರ ಬಲಗಡೆ ಇದ್ದೆವು. ನಮ್ಮ ಗೋಳಾರ್ಧದಲ್ಲಿ ಬಲಮಗ್ಗುಲಲ್ಲಿ ಸುತ್ತುವ ಗಾಳಿಯ ವೇಗಕ್ಕೆ ತುಫಾನು ಸಾಗುವ ವೇಗವೂ ಕೂಡಿಕೊಳ್ಳುತ್ತದೆ, ಎಡಮಗ್ಗುಲಲ್ಲಿ ಕಳೆಯುತ್ತದೆ.

ಎಡಗೈ ಲೆಕ್ಕ ಕೈಕೊಡುವ ಸಂದರ್ಭಗಳೂ ಇವೆ. ಮಧ್ಯಾಹ್ನದ ಕಡಲಗಾಳಿ, ರಾತ್ರಿಯ ನೆಲಗಾಳಿ, ಗುಡುಗಿನ ಮೋಡದಿಂದ ಬೀಳುವ ಬಿರುಗಾಳಿ ಇವು ಸ್ಥಳೀಯ, ದೂರದ ಕುಸಿತದ ಬಗ್ಗೆ ಏನೂ ಹೇಳುವುದಿಲ್ಲ. ಘಟ್ಟದ ಬುಡದಲ್ಲೂ ಗಾಳಿ ಅಡ್ಡ ತಿರುಗುತ್ತದೆ. ಇದನ್ನು ನಂಬಿ ದೋಣಿ ಇಳಿಸಬೇಡಿ. ಎಚ್ಚರಿಕೆ ಕೊಟ್ಟ ದಿನ ಲೆಕ್ಕ ಬೇಕಾಗಿಯೇ ಇಲ್ಲ.

ಸಿಗ್ನಲ್‌ಗಳು ಒಟ್ಟು 11. ಮೂರನೆಯದು ಸ್ಥಳೀಯ ಎಚ್ಚರಿಕೆ: ಬಂದರಿಗೆ ಬಿರುಸಿನ ಗಾಳಿ-ಮಳೆಯ ಸಂಭವವಿದೆ ಎಂದಷ್ಟೇ. 5, 6, 7 ಅಪಾಯ. 8, 9, 10 ಮಹಾ ಅಪಾಯ. 11 ಎಂದರೆ ಎಚ್ಚರಿಕೆ ಕೇಂದ್ರದ ಜೊತೆ ಸಂಪರ್ಕವೇ ಕಡಿದುಹೋಗಿದೆ.

ಪ್ರಶ್ನೆ: 1999ರ ಒಡಿಶಾ ಚಂಡಮಾರುತದಲ್ಲಿ ಕಡಿಮೆ ಒತ್ತಡ ಸಮುದ್ರವನ್ನೇ ಮೇಲಕ್ಕೆ ಹೀರಿಕೊಂಡಿತು ಎನ್ನುತ್ತಾರೆ. ನಿಜವೇ?
(ರಾಯಚೂರಿನ ಓದುಗರು)

ಉತ್ತರ: ಸ್ವಲ್ಪ ಮಟ್ಟಿಗೆ ಮಾತ್ರ. ಒತ್ತಡ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಅಕ್ಟೋಬರ್ 29ರಂದು ಪಾರಾದೀಪದ ಬಳಿ ದಡ ಮುಟ್ಟಿದ ಆ ಸೂಪರ್ ಸೈಕ್ಲೋನಿನ ಕೇಂದ್ರದ ಒತ್ತಡ 912ರವರೆಗೆ ಇಳಿದಿತ್ತು. ಸುತ್ತಲಿನದಕ್ಕಿಂತ ಹೆಚ್ಚುಕಡಿಮೆ 100 ಕಡಿಮೆ, ಅಂದರೆ ನೀರು ಒಂದು ಮೀಟರ್ ಏರಲು ಸಾಕಾಗುವಷ್ಟು. ಬಂದ ಅಲೆಯುಬ್ಬರ ಅದರ ಹಲವು ಪಟ್ಟು. ಉಳಿದದ್ದೆಲ್ಲ ಗಂಟೆಗೆ ಸುಮಾರು 260 ಕಿ.ಮೀ. ವೇಗದ ಗಾಳಿ ದಡದತ್ತ ತಳ್ಳಿ ಪೇರಿಸಿದ ನೀರು. ಆಳ ಸಮುದ್ರದಲ್ಲಿ ಹೀಗೆ ತಳ್ಳಿದ ನೀರು ಅಡಿಯಿಂದ ಹಿಂದಕ್ಕೆ ಹರಿದುಹೋಗುತ್ತದೆ. ಬಂಗಾಳ ಕೊಲ್ಲಿಯ ಉತ್ತರದ ದಡಗಳಲ್ಲಿ ಸಮುದ್ರ ಆಳವಿಲ್ಲ, ನೀರಿಗೆ ಹೋಗಲು ದಾರಿ ಇರುವುದು ಊರೊಳಕ್ಕೇ.

ಪ್ರಶ್ನೆ: ಚೆನ್ನೈ ಕಡೆ ಚಂಡಮಾರುತ ಬಂದರೆ ನಮ್ಮಲ್ಲಿ ಬಿರುಗಾಳಿ ಇಲ್ಲ, ಜಿಟಿಜಿಟಿ ಮಳೆ, ಮೂರು ದಿನ ಬಿಸಿಲೇ ಇರುವುದಿಲ್ಲ. ಏಕೆ? ಜುಲೈನಲ್ಲಿ ಯಾಕೆ ಹೀಗೆ ಬರುವುದಿಲ್ಲ?
(ಕೋಲಾರದ ರೈತರು)

ಉತ್ತರ: ಜುಲೈನಲ್ಲಿ ಕೆಳಗೆ ಪಡುವಣ ಮುಂಗಾರು ಗಾಳಿ, ಹದಿನಾಲ್ಕು ಕಿ.ಮೀ. ಮೇಲೆ ಅಷ್ಟೇ ಬಿರುಸಾದ ಮೂಡುಗಾಳಿ. ಮೋಡದ ಗೋಪುರ ಎದ್ದರೂ ಅದರ ತಲೆ ಒಂದು ಕಡೆಗೆ, ಬುಡ ಇನ್ನೊಂದು ಕಡೆಗೆ ಹೋಗುತ್ತದೆ. ಸಮುದ್ರ ಎಷ್ಟೇ ಬಿಸಿಯಿದ್ದರೂ ಚಂಡಮಾರುತ ಕಟ್ಟಿಕೊಳ್ಳುವುದಿಲ್ಲ. ಈ ಎಳೆದಾಟ ಸಡಿಲವಾಗಿ, ಸಮುದ್ರದ ಮೇಲ್ಪದರ 26.5 ಡಿಗ್ರಿಗಿಂತ ಬೆಚ್ಚಗಿರುವುದು ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಇದು ಮೂರು ನಿಮಿಷದ ಸರಾಸರಿ, ನಡುನಡುವೆ ಬೀಸುವ ಬಿರುಗಾಳಿ ಇದಕ್ಕಿಂತ ಜೋರು. ಆಗ್ನೇಯ ಕರಾವಳಿಯಿಂದ ಕೋಲಾರದ ಎತ್ತರಕ್ಕೆ ಬರುವಷ್ಟರಲ್ಲಿ ಚಂಡಮಾರುತ ಸಾಮಾನ್ಯವಾಗಿ ಕುಸಿತದ ಮಟ್ಟಕ್ಕೆ ಇಳಿದಿರುತ್ತದೆ. ಗಾಳಿ ಸತ್ತರೂ ನೂರಾರು ಕಿ.ಮೀ. ಹರಡಿದ ಮೋಡ ಹಾಗೇ ಇರುತ್ತದೆ, ಬಿಸಿಲನ್ನು ತಡೆಯುತ್ತದೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ದುರ್ಬಲವಾಗಿ ಕರ್ನಾಟಕವನ್ನು ಹಾದು ಅರಬ್ಬಿ ಸಮುದ್ರಕ್ಕೆ ಇಳಿಯಿತು, ಆ ದಾರಿಯುದ್ದಕ್ಕೂ ಮಳೆ ಸುರಿಯಿತು.

ಇದು ಸರಿಯಾಗಿ ನಿಮ್ಮ ರಾಗಿ ಕೊಯ್ಲಿನ ಕಾಲ. ಕುಸಿತ ತಮಿಳುನಾಡಿನ ದಡದತ್ತ ಹೊರಟಿದೆ ಎಂಬ ಸುದ್ದಿ ಬಂದರೆ ಬಲಿತ ಪೈರನ್ನು ಹಾಗೇ ನಿಲ್ಲಲು ಬಿಡಿ, ಕೊಯ್ಯಲು ಹೋಗಬೇಡಿ. ಕೊಯ್ದು ಹಾಕಿದ್ದನ್ನು ಮಾತ್ರ ಅದೇ ದಿನ ಎತ್ತರದ ಜಾಗದಲ್ಲಿ ಒಟ್ಟಿ ಟಾರ್ಪಾಲಿನ್ ಹೊದಿಸಿ. ನೆಲದ ಮೇಲೆ ಬಿದ್ದ ತೆನೆ ಎರಡು-ಮೂರು ದಿನ ಜಿಟಿಜಿಟಿ ಮಳೆಗೆ ಸಿಕ್ಕರೆ ಅಲ್ಲೇ ಮೊಳಕೆಯೊಡೆಯುತ್ತದೆ, ಹುಲ್ಲೂ ಕಪ್ಪಾಗಿ ದನಕ್ಕೆ ಬೇಡವಾಗುತ್ತದೆ.