ಚಾರ್ಜಿಂಗ್ ಲೈಟು ಆರದ ಯೆಜ್ಡಿ

ಪ್ರಶ್ನೆ: ನನ್ನದು 6 ವೋಲ್ಟ್ ಡೈನಮೊ ಇರುವ ಹಳೇ ಯೆಜ್ಡಿ 250 ಬೈಕ್. ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಕೆಂಪು ಚಾರ್ಜಿಂಗ್ ಲೈಟು ಆರುವುದಿಲ್ಲ. ಕಟೌಟ್ (ಡೈನಮೊದ ವೋಲ್ಟೇಜನ್ನು ಹತೋಟಿಯಲ್ಲಿಟ್ಟು ಬ್ಯಾಟರಿಗೆ ಜೋಡಿಸುವ ಪೆಟ್ಟಿಗೆ) ಬದಲಾಯಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ? — ಓದುಗರು, ಹಾಸನ

ಉತ್ತರ: ದಯವಿಟ್ಟು ಹಳೇ ಕಟೌಟ್ ಎಸೆಯಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಅಸಲಿ ಕಟೌಟ್ ಸಿಗುವುದು ಕಷ್ಟ. ಮೊದಲು ಡೈನಮೊ ಪರೀಕ್ಷಿಸಿ.

ಎಂಜಿನ್‌ನ ಬಲಬದಿಯ ಕವರ್ ತೆಗೆದು, ಡೈನಮೊದ ಡಿ+ (ಕರೆಂಟ್ ಹೊರಬರುವ) ಮತ್ತು ಡಿಎಫ್ (ಒಳಗೆ ಕಾಂತಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್‌ನ) ತಂತಿಗಳನ್ನು ಬಿಚ್ಚಿ, ತುದಿಗಳು ಬಾಡಿಗೆ ತಾಗದಂತೆ ಟೇಪ್ ಸುತ್ತಿ. ಡಿಎಫ್ ಟರ್ಮಿನಲ್‌ನಿಂದ ಒಂದು ತುಂಡು ತಂತಿಯನ್ನು ಎಂಜಿನ್ ಬಾಡಿಗೆ ಕೊಡಿ. ಮಲ್ಟಿಮೀಟರನ್ನು ಡಿ+ ಮತ್ತು ಬಾಡಿ ನಡುವೆ ಇಟ್ಟು ಗಾಡಿ ಸ್ಟಾರ್ಟ್ ಮಾಡಿ, ನಿಧಾನವಾಗಿ ರೇಸ್ ಕೊಡಿ. ವೋಲ್ಟೇಜ್ 7 ದಾಟಿ ಏರುತ್ತಾ ಹೋದರೆ ಡೈನಮೊ ಸರಿಯಿದೆ. ಕೂಡಲೇ ನಿಲ್ಲಿಸಿ, ಈಗ ಅದಕ್ಕೆ ಕಡಿವಾಣವಿಲ್ಲ. ದೋಷ ಕಟೌಟ್‌ನಲ್ಲೋ ವೈರಿಂಗ್‌ನಲ್ಲೋ ಇದೆ.

ಒಂದು ವೋಲ್ಟಿನ ಆಸುಪಾಸಿನಲ್ಲೇ ನಿಂತರೆ ಫೀಲ್ಡ್ ಕಾಯಿಲ್‌ಗೆ ಕರೆಂಟ್ ಹೋಗುತ್ತಿಲ್ಲ. ಏನೂ ಬಾರದಿದ್ದರೆ ಕಾರ್ಬನ್ ಬ್ರಷ್ ನೋಡಿ: ಸವೆದು ಗಿಡ್ಡವಾಗಿರುತ್ತದೆ, ಇಲ್ಲವೇ ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಕಾಮ್ಯುಟೇಟರ್ (ಬ್ರಷ್ ಒರಸುವ, ತಾಮ್ರದ ಪಟ್ಟಿಗಳ ಉರುಳೆ) ಕಪ್ಪಾಗಿದ್ದರೆ ನಯವಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಎಮರಿ ಬೇಡವೇ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡಬಹುದು. ಪಟ್ಟಿಗಳ ನಡುವಿನ ಅಭ್ರಕ ತಾಮ್ರದ ಮಟ್ಟಕ್ಕೇ ಇದ್ದರೆ, ತೆಳ್ಳಗೆ ಉಜ್ಜಿದ ಹ್ಯಾಕ್ಸಾ ಬ್ಲೇಡಿನಿಂದ ಅರ್ಧ ಮಿಲಿಮೀಟರ್ ಕೆರೆಯಿರಿ. ಅಲ್ಲಿ ಆಯಿಲ್ ಜಿಡ್ಡು ಕಂಡರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಅದನ್ನು ಹಾಕಿಸದೆ ಉಳಿದದ್ದೆಲ್ಲ ವ್ಯರ್ಥ.

ಡೈನಮೊ ಸರಿಯಿದ್ದರೆ ಕಟೌಟ್ ಮುಟ್ಟುವ ಮುಂಚೆ ಅರ್ತ್, ಅಂದರೆ ಬ್ಯಾಟರಿಯಿಂದ ಬಾಡಿಗೆ ಹೋಗುವ ಸಂಪರ್ಕ ನೋಡಿ. ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಅರ್ತ್ ಟರ್ಮಿನಲ್ ಮತ್ತು ಎಂಜಿನ್ ಬಾಡಿ ನಡುವೆ ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ತಂತಿ ಕೂರುವ ಜಾಗದ ಬಣ್ಣ, ತುಕ್ಕು ಕೆರೆದು ಬೋಲ್ಟ್ ಬಿಗಿ ಮಾಡಿ. 6 ವೋಲ್ಟಿನಲ್ಲಿ ಈ ಡೈನಮೊದ 45 ವ್ಯಾಟ್ ಎಂದರೆ ಏಳೂವರೆ ಆಂಪಿಯರ್. ಸಣ್ಣ ತುಕ್ಕೂ ಬಹಳ ನುಂಗುತ್ತದೆ.

ಪ್ರಶ್ನೆ: ನನ್ನದೂ 6 ವೋಲ್ಟಿನ ಯೆಜ್ಡಿ. ಬಿಸಿಯಾದ ಮೇಲೆ ಗಾಡಿ ಮಿಸ್ ಹೊಡೆದು ನಿಲ್ಲುತ್ತದೆ, ಆರಿದ ಮೇಲೆ ಮತ್ತೆ ಓಡುತ್ತದೆ. — ಓದುಗರು, ಶಿವಮೊಗ್ಗ

ಉತ್ತರ: ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಎಂಜಿನ್ ಓಡುವಾಗ ಕತ್ತಲಲ್ಲಿ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿಯುವ ಸ್ವಿಚ್) ನೋಡಿ; ಅಲ್ಲಿ ಕಿಡಿ ಹಾರದಂತೆ ತಡೆಯುವುದೇ ಕಂಡೆನ್ಸರ್. ದಪ್ಪ ನೀಲಿ ಕಿಡಿ ಹಾರುತ್ತಿದ್ದರೆ ಅದೇ. ಹೊಸದನ್ನು ಎಂಜಿನ್ ಶಾಖ ತಾಗದ ಕಡೆ, ಕಾಯಿಲ್ ಹತ್ತಿರ ಕೂರಿಸಿ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಡಿ. 12 ವೋಲ್ಟಿನ ಕಾಯಿಲ್ ಯಾರಾದರೂ ಹಾಕಿದ್ದಾರೆಯೇ ಎಂದೂ ನೋಡಿ, 6 ವೋಲ್ಟಿಗೆ ಅದರ ಕಿಡಿ ಸಾಲದು.