ಓದುಗರ ಪ್ರಶ್ನೆ: ಆರೋಗ್ಯ ಕಾರ್ಡಿನಿಂದ ಆಯುಸ್ಸು ಹೆಚ್ಚುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಆಸ್ಪತ್ರೆ ಖರ್ಚು, ಸರ್ಕಾರಿ ಯೋಜನೆ ಮತ್ತು ಚಿಕಿತ್ಸೆಯ ಫಲದ ಬಗ್ಗೆ ಕೇಳಿದವೇ ಹೆಚ್ಚು. ಅವುಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇವೆ.

ಪ್ರಶ್ನೆ: ಸರ್ಕಾರದ ಉಚಿತ ಚಿಕಿತ್ಸಾ ಯೋಜನೆಯಿಂದ ಬಡವರಲ್ಲಿ ಸಾವು ಶೇ 64ರಷ್ಟು ಇಳಿಯಿತು ಎಂದು ಒಂದು ಅಧ್ಯಯನ ಹೇಳುತ್ತದೆ. ವಿಮೆ ಕೊಟ್ಟರೂ ಆರೋಗ್ಯ ಸುಧಾರಿಸಲಿಲ್ಲ ಎನ್ನುತ್ತದೆ ಇನ್ನೊಂದು. ಎರಡೂ ನಮ್ಮ ರಾಜ್ಯದಲ್ಲೇ ನಡೆದವು. ಯಾವುದನ್ನು ನಂಬುವುದು? — ಓದುಗರು, ಸಿಂಧನೂರು

ಉತ್ತರ: ಎರಡನ್ನೂ ನಂಬಬಹುದು. ಅವು ಅಳೆದದ್ದು ಬೇರೆ ಬೇರೆ ಯೋಜನೆಗಳನ್ನು, ಬೇರೆ ಬೇರೆ ಜನರಲ್ಲಿ.

ಮೊದಲನೆಯದು ಬಿಪಿಎಲ್ ಕುಟುಂಬಗಳಿಗಿದ್ದ ವಾಜಪೇಯಿ ಆರೋಗ್ಯಶ್ರೀ ಉಚಿತ ಚಿಕಿತ್ಸಾ ಯೋಜನೆ ಕುರಿತದ್ದು, ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ 2014ರಲ್ಲಿ ಪ್ರಕಟವಾಯಿತು. ಯೋಜನೆ 2010ರಲ್ಲಿ ರಾಜ್ಯದ ಉತ್ತರ ಭಾಗಕ್ಕೆ ಬಂತು, ದಕ್ಷಿಣ ಭಾಗ 2012ರವರೆಗೆ ಕಾಯಬೇಕಾಯಿತು. ಈ ನಡುವಿನ ಅವಧಿಯನ್ನೇ ಸಂಶೋಧಕರು ಬಳಸಿಕೊಂಡರು. ಯೋಜನೆ ಸಿಕ್ಕ 300 ಹಳ್ಳಿಗಳನ್ನು, ಗಡಿಯಾಚೆ ಅವನ್ನೇ ಹೋಲುವ ಆದರೆ ಯೋಜನೆ ಇನ್ನೂ ಬಾರದ 272 ಹಳ್ಳಿಗಳ ಜೊತೆ ಹೋಲಿಸಿದರು. ಒಟ್ಟು 60,109 ಮನೆಗಳ ಸಮೀಕ್ಷೆ ನಡೆಯಿತು. ಯೋಜನೆ ಒಳಗೊಂಡ ಕಾಯಿಲೆಗಳಿಂದ, ಅಂದರೆ ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರಿನಿಂದ, ಬಿಪಿಎಲ್ ಮನೆಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಹತ್ತು ಸಾವಿರಕ್ಕೆ 90 ಇರುವಲ್ಲಿ 32. ಶೇ 64 ಬಂದದ್ದು ಇಲ್ಲಿಂದ. ಎಲ್ಲ ಬಗೆಯ ಸಾವೂ ಇಷ್ಟು ಇಳಿಯಿತೆಂದು ತಿಳಿಯಬಾರದು.

ಈ ಅಧ್ಯಯನದ ಜಾಣತನವಿರುವುದು ಎಪಿಎಲ್ ಮನೆಗಳನ್ನೂ ಎಣಿಸಿದ್ದರಲ್ಲಿ. ಅವರಿಗೆ ಯೋಜನೆ ಇರಲಿಲ್ಲ, ಅವರಲ್ಲಿ ಗಡಿಯ ಎರಡೂ ಕಡೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೂ ಕಾಣಲಿಲ್ಲ. ಒಳ್ಳೆಯ ರಸ್ತೆ, ಒಳ್ಳೆಯ ಮಳೆ ಅಥವಾ ಇನ್ನಾವುದೋ ಕಾರಣ ಇದ್ದಿದ್ದರೆ ಅದು ಅವರಲ್ಲೂ ಕಾಣಬೇಕಿತ್ತು. ಆದರೂ ಸಾವಿನ ಕಾರಣವನ್ನು ಮನೆಯವರ ಹೇಳಿಕೆಯಿಂದ ಗೊತ್ತುಮಾಡಿಕೊಂಡದ್ದು, ಹಳ್ಳಿಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಆದ್ದರಿಂದ ದಿಕ್ಕು ಸರಿ ಎನ್ನಬಹುದೇ ಹೊರತು 64 ಎಂಬ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಬೇಕಿಲ್ಲ.

ಎರಡನೆಯದು ಚೀಟಿ ಎತ್ತಿಯೇ ಮಾಡಿದ ಪ್ರಯೋಗ. ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳ 435 ಹಳ್ಳಿಗಳ 10,879 ಮನೆಗಳು ಅದರಲ್ಲಿದ್ದವು. ಕೆಲವರಿಗೆ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕಾರ್ಡನ್ನು ಉಚಿತವಾಗಿ ಕೊಟ್ಟರು, ಕೆಲವರಿಗೆ ದುಡ್ಡಿಗೆ ಕೊಟ್ಟರು, ಇನ್ನು ಕೆಲವರಿಗೆ ಕಾರ್ಡಿನ ಬೆಲೆಯಷ್ಟು ನಗದನ್ನೂ ಕೈಗಿತ್ತರು. ಉಳಿದವರಿಗೆ ಏನೂ ಇಲ್ಲ. ಮೂರೂವರೆ ವರ್ಷವಾದರೂ ಆರೋಗ್ಯದಲ್ಲಿ ಹೇಳಿಕೊಳ್ಳುವ ಸುಧಾರಣೆ ಕಾಣಲಿಲ್ಲ. ಆ ವಿಮೆಯ ಮಿತಿ ವರ್ಷಕ್ಕೆ ಕುಟುಂಬಕ್ಕೆ 30,000 ರೂಪಾಯಿ, ಅದರಲ್ಲಿ ಬೈಪಾಸ್ ಆಗದು. ಪ್ರಯೋಗಕ್ಕೆ ಆರಿಸಿದವರೂ ಬಿಪಿಎಲ್‌ಗಿಂತ ಮೇಲಿನವರು. ಎಲ್ಲಕ್ಕಿಂತ ಮುಖ್ಯವಾದದ್ದು, ಕಾರ್ಡ್ ಇದ್ದವರಲ್ಲಿ ಅನೇಕರಿಗೆ ಅದನ್ನು ಬಳಸಲು ಆಗಲೇ ಇಲ್ಲ: ಕೆಲವರು ಮನೆಯಲ್ಲೇ ಮರೆತರು, ಕೆಲವರಿಗೆ ಹೇಗೆ ಬಳಸಬೇಕೆಂದು ತಿಳಿಯಲಿಲ್ಲ, ಕೆಲವೆಡೆ ಆಸ್ಪತ್ರೆಯೇ ಒಪ್ಪಲಿಲ್ಲ. ಆರೋಗ್ಯಶ್ರೀಯಲ್ಲಿ ಹೆಸರು ನೋಂದಾಯಿಸುವ ತಾಪತ್ರಯವಿರಲಿಲ್ಲ, ರೇಷನ್ ಕಾರ್ಡೇ ಸಾಕಿತ್ತು. ಹಳ್ಳಿಗಳ ಬಳಿಯೇ ಶಿಬಿರ ನಡೆಸಿ ರೋಗಿಗಳನ್ನು ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ನಮ್ಮ ದೃಷ್ಟಿಯಲ್ಲಿ ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸದ ದೊಡ್ಡ ಪಾಲು ಇದೇ.

ಪ್ರಶ್ನೆ: ಆಯುಷ್ಮಾನ್ ಕಾರ್ಡ್ ಇದ್ದರೂ ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿಸಿಕೊಂಡರು. ನಾವು ಎಲ್ಲಿ ಎಡವಿದೆವು? — ಓದುಗರು, ಹಿರೇಕೆರೂರು

ಉತ್ತರ: ಬಹುಶಃ ರೆಫರಲ್, ಅಂದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ, ಇಲ್ಲದೆ ನೇರವಾಗಿ ಹೋಗಿರುತ್ತೀರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸುಮಾರು 1,650 ಚಿಕಿತ್ಸೆಗಳನ್ನು ದರ್ಜೆವಾರು ವಿಂಗಡಿಸಿದ್ದಾರೆ. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಅಲ್ಲಿ ಸೌಲಭ್ಯವಿಲ್ಲದ ದೊಡ್ಡ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ.

ಆಸ್ಪತ್ರೆ ಹೊಕ್ಕ ಕೂಡಲೇ ಬಿಲ್ಲಿಂಗ್ ಕೌಂಟರಿಗೆ ಹೋಗಬೇಡಿ, ಮೊದಲು ಆರೋಗ್ಯ ಮಿತ್ರರನ್ನು, ಅಂದರೆ ಅಲ್ಲಿರುವ ಯೋಜನೆಯ ಸಹಾಯಕರನ್ನು, ಹುಡುಕಿ. ರೋಗಿಯ ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ ಕೊಡಿ. ಅವರು ಆನ್‌ಲೈನಿನಲ್ಲಿ ಪೂರ್ವಾನುಮತಿಗೆ ಕಳಿಸುತ್ತಾರೆ, ಅದು ಬಂದ ಮೇಲೆ ಶಸ್ತ್ರಚಿಕಿತ್ಸೆ. ಇದು ನಗದುರಹಿತ ವ್ಯವಸ್ಥೆ. ಅನುಮತಿಗೆ ಮೊದಲೇ ಕೈಯಿಂದ ಕಟ್ಟಿದರೆ ಆ ಹಣ ವಾಪಸು ಬರುವುದು ಕಷ್ಟ.

ಅನುಮತಿ ತಡೆಯುವ ಸಂಗತಿಗಳು ಬಹುತೇಕ ಚಿಲ್ಲರೆಯವು. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಕಾಗುಣಿತ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ. ಮಗುವಿನ ಹೆಸರು ಸೇರಿಸಿಯೇ ಇಲ್ಲ. ಕಾಯಿಲೆ ಬರುವ ಮೊದಲೇ ಇವನ್ನು ಸರಿಮಾಡಿಸಿಕೊಳ್ಳಿ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಉಳಿದ ಶೇ 70 ಕೈಯಿಂದಲೇ ಹೋಗುವುದರಿಂದ ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಪ್ಯಾಕೇಜ್ ಎಂದರೆ ಹಾಸಿಗೆ, ಪರೀಕ್ಷೆ, ಔಷಧ, ಇಂಪ್ಲಾಂಟ್, ವೈದ್ಯರ ಶುಲ್ಕ ಎಲ್ಲ ಸೇರಿದ ಒಂದೇ ದರ. ಬಿಪಿಎಲ್ ರೋಗಿಯಿಂದ ಅದರ ಮೇಲೆ ಕೇಳುವಂತಿಲ್ಲ. ಕೇಳಿದರೆ ರಸೀದಿ ಪಡೆದು 14555ಕ್ಕೆ ಕರೆ ಮಾಡಿ, ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ರಸೀದಿಯ ಪ್ರತಿಯೊಂದಿಗೆ ಲಿಖಿತ ದೂರು ಕೊಡಿ. ರಸೀದಿ ಇಲ್ಲದ ದೂರು ನಿಲ್ಲುವುದಿಲ್ಲ.

ಪ್ರಶ್ನೆ: ಜಾಹೀರಾತಿನಲ್ಲಿ ಕಾಣುವ ‘ಶೇ 98 ಯಶಸ್ಸು’ ನೋಡಿ ಆಸ್ಪತ್ರೆ ಆರಿಸಬಹುದೇ? — ಓದುಗರು, ತುಮಕೂರು

ಉತ್ತರ: ಬೇಡ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೊದಲ ಆಸ್ಪತ್ರೆಗೆ ಸಾವಿರ ಹೃದ್ರೋಗಿಗಳು ಬಂದರು. ಅವರಲ್ಲಿ 900 ಮಂದಿ ದಿನ ಗೊತ್ತುಮಾಡಿಕೊಂಡು ಬಂದವರು, 9 ಜನ ತೀರಿಕೊಂಡರು. ತುರ್ತಾಗಿ ಬಂದ 100ರಲ್ಲಿ 10 ಸಾವು. ಒಟ್ಟು ಶೇ 1.9. ಎರಡನೆಯ ಆಸ್ಪತ್ರೆಗೆ ಗೊತ್ತುಮಾಡಿಕೊಂಡು ಬಂದವರು 300, ಸಾವು 2. ತುರ್ತಿನವರು 700, ಸಾವು 56. ಒಟ್ಟು ಶೇ 5.8. ಜಾಹೀರಾತಿಗೆ ಮೊದಲನೆಯದೇ ಚೆನ್ನ. ಆದರೆ ಬಿಡಿಬಿಡಿಯಾಗಿ ನೋಡಿದರೆ ಎರಡೂ ಗುಂಪಿನಲ್ಲಿ ಎರಡನೆಯದೇ ಮೇಲು. ಕಷ್ಟದ ರೋಗಿಗಳನ್ನು ಸೇರಿಸಿಕೊಂಡದ್ದಕ್ಕೆ ಅದರ ಅಂಕಿ ಕೆಟ್ಟಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯ 1990ರ ದಶಕದಿಂದ ಬೈಪಾಸ್ ಸಾವಿನ ಪ್ರಮಾಣವನ್ನು ಆಸ್ಪತ್ರೆವಾರು ಪ್ರಕಟಿಸುತ್ತಿದೆ, ಆದರೆ ವಯಸ್ಸು ಮತ್ತು ರೋಗದ ತೀವ್ರತೆಗೆ ತಕ್ಕಂತೆ ಅಂಕಿಗಳನ್ನು ಹೊಂದಿಸಿ. ಹಾಗಿದ್ದರೂ ಅಪಾಯದ ರೋಗಿಗಳನ್ನು ವೈದ್ಯರು ಮುಟ್ಟಲು ಹಿಂಜರಿಯುತ್ತಾರೆಯೇ ಎಂಬ ವಾದ ಅಲ್ಲಿ ನಡೆದೇ ಇದೆ.

ಇಷ್ಟನ್ನು ಕೇಳಿ: ಈ ಶಸ್ತ್ರಚಿಕಿತ್ಸೆ ಇಲ್ಲಿ ವರ್ಷಕ್ಕೆ ಎಷ್ಟು ಆಗುತ್ತದೆ? ಡಿಸ್ಚಾರ್ಜ್ ಹೊತ್ತಿಗಲ್ಲ, 30 ದಿನಕ್ಕೆ ಎಷ್ಟು ಜನ ಬದುಕಿದ್ದಾರೆ? ಎಷ್ಟು ಜನರಿಗೆ ಗಾಯ ಕೀವಾಗಿದೆ, ಎಷ್ಟು ಜನ ಮತ್ತೆ ಅಡ್ಮಿಟ್ ಆಗಿದ್ದಾರೆ? ಉತ್ತರ ಕೊಡುವ ಆಸ್ಪತ್ರೆ ಕನಿಷ್ಠ ಲೆಕ್ಕವನ್ನಾದರೂ ಇಟ್ಟಿದೆ ಎಂದರ್ಥ.

ಪ್ರಶ್ನೆ: ವಿಮೆ ಇದೆ, ಆದರೆ ಅಪ್ಪನ ಬಿಪಿ ಮಾತ್ರೆಗೆ ಅದು ಬರುವುದಿಲ್ಲ. ಹೇಗೂ ಅವರಿಗೇನೂ ತೊಂದರೆ ಕಾಣುತ್ತಿಲ್ಲ, ಮಾತ್ರೆ ನಿಲ್ಲಿಸಬಹುದೇ? — ಓದುಗರು, ಶಿರಸಿ

ಉತ್ತರ: ನಿಲ್ಲಿಸಬೇಡಿ. ತೊಂದರೆ ಕಾಣದಿರುವುದು ಬಿಪಿಯ ಗುಣವೇ. ಈ ಯೋಜನೆಗಳು ಹಣ ಕೊಡುವುದು ಅಡ್ಮಿಟ್ ಆದ ಮೇಲೆ, ಅಂದರೆ ಪಾರ್ಶ್ವವಾಯು ಹೊಡೆದ ಮೇಲೆ. ಅದನ್ನು ತಡೆಯುವ ಅಗ್ಗದ ಮಾತ್ರೆಗಲ್ಲ. ಅಮೆರಿಕದ ಆರೆಗನ್ ರಾಜ್ಯದಲ್ಲಿ 2008ರಲ್ಲಿ ಲಾಟರಿ ಎತ್ತಿ ಬಡವರಿಗೆ ವಿಮೆ ಕೊಟ್ಟರು. ಎರಡು ವರ್ಷದಲ್ಲಿ ಸಾಲದ ಹೊರೆ, ಖಿನ್ನತೆ ಎರಡೂ ತಗ್ಗಿದವು. ಬಿಪಿ, ಸಕ್ಕರೆಯ ಅಂಕಿಗಳಲ್ಲಿ ಮಾತ್ರ ಗಣನೀಯ ಬದಲಾವಣೆ ಸಿಗಲಿಲ್ಲ. ಬಿಪಿ ಇಳಿಯಬೇಕಾದರೆ ಯಾರಾದರೂ ಅದನ್ನು ತಿಂಗಳು ತಿಂಗಳೂ ಬೆನ್ನುಹತ್ತಬೇಕು.

2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ತಿರುಳು ಇದೇ: ಎಲ್ಲ ರೋಗಿಗಳಿಗೂ ಗೊತ್ತುಪಡಿಸಿದ ಒಂದೇ ಔಷಧ ಕ್ರಮ, ತಿಂಗಳ ಮಾತ್ರೆ ಒಟ್ಟಿಗೆ, ತಪ್ಪಿಸಿಕೊಂಡವರಿಗೆ ಕರೆ, ಮತ್ತು 140/90ಕ್ಕಿಂತ ಕೆಳಗೆ ಬಂದವರು ಎಷ್ಟು ಎಂಬ ಲೆಕ್ಕ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬಿಪಿ ಮಾತ್ರೆ ಉಚಿತವಾಗಿ ಸಿಗಬೇಕು, ಹೋಗಿ ಕೇಳಿ. ಸಿಗದಿದ್ದರೆ ಜನೌಷಧಿ ಮಳಿಗೆಯಲ್ಲಿ ಔಷಧದ ಮೂಲ ಹೆಸರು ಹೇಳಿ ಕೊಳ್ಳಿ.

ಮನೆಯಲ್ಲಿ ಅಳೆಯುವುದಾದರೆ ತೋಳಿಗೆ ಕಟ್ಟುವ ಯಂತ್ರ ಇರಲಿ, ಮಣಿಕಟ್ಟಿನದು ಬೇಡ. ಅಳೆಯುವ ಮೊದಲಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬಂದು ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಹೀಗೆ 7 ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ದಾಟಿದರೆ ಆ ಹಾಳೆಯನ್ನೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಎದೆನೋವು ಬಂದಾಗ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹೊತ್ತು ಕಳೆಯುವ ಬದಲು ನೇರ ಬೆಂಗಳೂರಿಗೇ ಹೊರಡುವುದು ಮೇಲಲ್ಲವೇ? — ಓದುಗರು, ಪಾವಗಡ

ಉತ್ತರ: ಅಲ್ಲ. ಹೃದಯಾಘಾತವಾಗಿದ್ದು, ಮುಚ್ಚಿದ ರಕ್ತನಾಳ ಬಿಡಿಸುವ ಆಂಜಿಯೊಪ್ಲಾಸ್ಟಿ 120 ನಿಮಿಷದೊಳಗೆ ಆಗುವಂತಿಲ್ಲದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹತ್ತಿರದಲ್ಲೇ ಮೊದಲು ಕೊಡಬೇಕು. ಪಾವಗಡದಿಂದ ಹೊರಟು ಬೆಂಗಳೂರಿನ ಟ್ರಾಫಿಕ್ ದಾಟಿ ಅಷ್ಟರಲ್ಲಿ ಮೇಜಿನ ಮೇಲೆ ಮಲಗುವುದು ಆಗದ ಮಾತು. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕೆಂದೇ ಇದೆ: ಇಸಿಜಿ ತೆಗೆದು ದೂರದ ಹೃದ್ರೋಗ ಕೇಂದ್ರಕ್ಕೆ ಕಳಿಸುತ್ತಾರೆ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. 108ಕ್ಕೆ ಕರೆ ಮಾಡಿ. ಆಸ್ಪತ್ರೆ ಮುಟ್ಟಿದ 10 ನಿಮಿಷದಲ್ಲಿ ಇಸಿಜಿ ಆಗಬೇಕು, ಆಗದಿದ್ದರೆ ಬಾಯಿಬಿಟ್ಟು ಕೇಳಿ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಅಥವಾ ತಲೆಗೆ ಪೆಟ್ಟಾಗಿದ್ದರೆ ಚುಚ್ಚುಮದ್ದಿಗೆ ಮೊದಲೇ ಹೇಳಿ, ಅಂಥವರಿಗೆ ಅದು ಅಪಾಯ. ಚುಚ್ಚುಮದ್ದು ಕೊಟ್ಟರೆ ಮುಗಿಯಿತೆಂದು ಮನೆಗೆ ಹೋಗಬಾರದು. ಹೆಪ್ಪು ಕರಗಿದ ಮೇಲೂ 3ರಿಂದ 24 ಗಂಟೆಯೊಳಗೆ ಆಂಜಿಯೊಗ್ರಾಂ ಆಗಬೇಕು. ಹೊರಡುವಾಗ ಇಸಿಜಿಯ ಪ್ರತಿ ಮತ್ತು ಚುಚ್ಚುಮದ್ದು ಕೊಟ್ಟ ಸಮಯ ಬರೆದ ಚೀಟಿ ಕೈಯಲ್ಲಿರಲಿ.